ಕಿಟ್, ಬೀಜ, ಸಿರಿಂಜ್: ಮನೆಯಲ್ಲಿ ಅಣಬೆ ಬೆಳೆಯಲು ಯಾವುದನ್ನು ತರಿಸಬೇಕು?

ಮನೆಯಲ್ಲಿ ಚಿಪ್ಪು ಅಣಬೆ ಬೆಳೆಯೋಣ ಅಂತ ಆನ್‌ಲೈನ್‌ನಲ್ಲಿ ಹುಡುಕಿದರೆ ಮೂರು ಥರದ ಸಾಮಾನು ಸಿಗುತ್ತದೆ. ಒಂದು, ರೆಡಿ ಕಿಟ್, ಅಂದರೆ ಅಣಬೆಯ ಎಳೆ ಆಗಲೇ ಹಬ್ಬಿರುವ ಚೀಲ. ಕತ್ತರಿಸಿ ನೀರು ಚಿಮುಕಿಸಿದರೆ ಸಾಕು. ಇನ್ನೊಂದು, ಧಾನ್ಯದ ಮೇಲೆ ಬೆಳೆಸಿದ ಅಣಬೆ ಬೀಜ, ಅಂದರೆ ಸ್ಪಾನ್. ಅದು ಬೆಳೆಯುವ ಹುಲ್ಲನ್ನು ನಾವೇ ಹದ ಮಾಡಿಕೊಳ್ಳಬೇಕು. ಮೂರನೆಯದು ಸಿರಿಂಜ್‌ನಲ್ಲಿ ಬರುವ ಲಿಕ್ವಿಡ್ ಕಲ್ಚರ್, ಅಂದರೆ ದ್ರವದಲ್ಲಿ ಬೆಳೆಸಿದ ಅಣಬೆಯ ಎಳೆ. ಇದರಲ್ಲಿ ಬೀಜವನ್ನೂ ನಾವೇ ಮಾಡಿಕೊಳ್ಳಬೇಕು. ಒಂದು ವರ್ಷದಲ್ಲಿ ಮೂರನ್ನೂ ಮಾಡಿ ನೋಡಿದ್ದೇನೆ. ಮೂರರಲ್ಲೂ ಬೆಳೆ ಬಂದಿದೆ, ಮೂರೂ ಒಂದಲ್ಲ ಒಂದು ಸಲ ಕೈಕೊಟ್ಟಿವೆ.

ಮೊದಲು ಕಿಟ್. ಪ್ಲಾಸ್ಟಿಕ್ ಮೇಲೆ ಗುಣಾಕಾರದ ಗುರುತಿನ ಹಾಗೆ ಸೀಳಿ, ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸಿದೆ. ಆರನೇ ದಿನ ಸೀಳಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಬೂದು ಚುಕ್ಕಿಗಳು ಕಂಡವು. ಅಲ್ಲಿಂದ ಮುಂದೆ ದಿನದಿನಕ್ಕೂ ಎರಡರಷ್ಟು ದೊಡ್ಡದಾಗುತ್ತಾ ಹೋದವು. ಬೆಳಿಗ್ಗೆ ನೋಡಿದ್ದಕ್ಕೂ ಸಂಜೆ ನೋಡಿದ್ದಕ್ಕೂ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಈ ಒಂದು ವಾರಕ್ಕಾಗಿಯೇ ಕಿಟ್ ತರಿಸಬಹುದು.

ಆದರೆ ಎರಡನೇ ಕಿಟ್ ಬರುವಾಗಲೇ ಹಳೆಯದಾಗಿತ್ತು. ಪ್ಲಾಸ್ಟಿಕ್ ಒಳಗೇ ಅಣಬೆ ಮೂಡಿ ಬಾಡಿತ್ತು, ತಳದಲ್ಲಿ ಹಳದಿ ನೀರು ನಿಂತಿತ್ತು. ಅದರಿಂದ ಒಂದು ಹಿಡಿ ಸಿಕ್ಕಿತು ಅಷ್ಟೇ. ಪೆಟ್ಟಿಗೆಯ ಮೇಲೆ ತಯಾರಿಸಿದ ದಿನಾಂಕವೇ ಇರಲಿಲ್ಲ. ನಾವು ಕೊಳ್ಳುತ್ತಿರುವುದು ಜೀವ ಇರುವ ವಸ್ತು, ಅದಕ್ಕೆ ವಯಸ್ಸು ಇದೆ. ಫೋಟೋ, ಸ್ಟಾರ್, ಆಫರ್ ನೋಡುವ ಮೊದಲು ದಿನಾಂಕ ಕೇಳಬೇಕು. ಹೇಳದವರ ಹತ್ತಿರ ನಾನು ಈಗ ತರಿಸುವುದಿಲ್ಲ.

ಕಿಟ್‌ನಿಂದ ಕಲಿತದ್ದು ಇನ್ನೊಂದಿದೆ. ಕತ್ತಲೆ ಬೇಕು ಅಂತ ಅಂದುಕೊಂಡು ಒಂದನ್ನು ಮುಚ್ಚಿದ ಕಪಾಟಿನಲ್ಲಿ ಇಟ್ಟಿದ್ದೆ. ಅಣಬೆಯ ಕಾಲು ಉದ್ದವಾಯಿತು, ಟೋಪಿ ಅಂಗಿಯ ಗುಂಡಿಯಷ್ಟೇ ಆಯಿತು. ಅಣಬೆಯೂ ನಮ್ಮ ಹಾಗೆಯೇ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಅದು ಸುತ್ತ ಕಟ್ಟಿಕೊಂಡರೆ ಗಾಳಿ ಹುಡುಕಿಕೊಂಡು ಕಾಲು ಚಾಚುತ್ತದೆ. ನೇರ ಬಿಸಿಲು ಬೀಳದ, ಗಾಳಿಯಾಡುವ ಕಿಟಕಿ ಪಕ್ಕಕ್ಕೆ ತಂದಿಟ್ಟ ಮೇಲೆ ಎರಡನೇ ಕೊಯ್ಲು ಅಗಲವಾಗಿ ಬಂತು.

ಈಗ ಬೀಜದ ವಿಷಯ. ನನ್ನ ಮನಸ್ಸು ನಿಂತಿದ್ದು ಇಲ್ಲೇ. ಕಿಟ್‌ನಲ್ಲಿ ಬೇರೆಯವರು ಮಾಡಿ ಕಳಿಸುವ ಕೆಲಸ ಇಲ್ಲಿ ನಮ್ಮ ಕೈಗೆ ಬರುತ್ತದೆ. ಅದೇ ದುಡ್ಡಿಗೆ ಅಣಬೆಯೂ ತುಂಬಾ ಜಾಸ್ತಿ ಸಿಗುತ್ತದೆ. ಪಾಕೆಟ್ ಬಂದ ಕೂಡಲೇ ಬೆಳಕಿಗೆ ಹಿಡಿದು ನೋಡಿ. ಕಾಳುಗಳೆಲ್ಲ ಬಿಳಿ ಎಳೆಗಳಿಂದ ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗಿರಬೇಕು. ಹಿಸುಕಿದರೆ ಮುದ್ದೆ ಒಡೆದು ಕಾಳು ಕಾಳಾಗಬೇಕು. ಮಳೆ ಬಿದ್ದ ಮಣ್ಣಿನಂಥ ತಣ್ಣಗಿನ ವಾಸನೆ ಬಂದರೆ ಒಳ್ಳೆಯದು. ಹುಳಿ ವಾಸನೆ ಬಂದರೆ ಬ್ಯಾಕ್ಟೀರಿಯಾ ಹತ್ತಿದೆ ಅಂತ ಅರ್ಥ. ಹಸಿರು ಚುಕ್ಕೆ ಒಂದೇ ಕಂಡರೂ ಅದು ಬೂಷ್ಟು, ಹೆಚ್ಚಾಗಿ ಟ್ರೈಕೋಡರ್ಮಾ ಅನ್ನುವ ಜಾತಿಯದು. ಅದನ್ನು ಕಿತ್ತು ಉಳಿದದ್ದನ್ನು ಬಳಸೋಣ ಅಂತ ಆಸೆ ಪಡಬೇಡಿ. ಪಾಕೆಟ್ ಬಿಚ್ಚದೆ ಹಾಗೇ ಎಸೆಯಿರಿ.

ಬೂಷ್ಟು ಬರದ ಹಾಗೆ ಹುಲ್ಲು ಹದ ಮಾಡಲು ಎರಡು ರೀತಿ ಇದೆ. ಎರಡನ್ನೂ ಒಂದೇ ದಿನ, ಒಂದೇ ಬೀಜದಿಂದ ಅಕ್ಕಪಕ್ಕ ಮಾಡಿ ನೋಡಿದೆ. ಒಂದು ಪಾಲು ಹುಲ್ಲನ್ನು 75 ಡಿಗ್ರಿ ಆಸುಪಾಸಿನ ಬಿಸಿನೀರಿನಲ್ಲಿ ಒಂದೂವರೆ ಗಂಟೆ ಇಟ್ಟೆ. ಇನ್ನೊಂದು ಪಾಲನ್ನು ಸುಣ್ಣದ ತಣ್ಣೀರಿನಲ್ಲಿ 18 ಗಂಟೆ ನೆನೆಸಿದೆ. ಎರಡನ್ನೂ ಬಸಿದು, ಬೀಜ ಬೆರೆಸಿ ಚೀಲಕ್ಕೆ ತುಂಬಿದೆ. ಬಿಸಿನೀರಿನ ಚೀಲ 17 ದಿನಕ್ಕೆ ಎಳೆ ಹಬ್ಬಿ ಪೂರ್ತಿ ಬಿಳಿಯಾಯಿತು, ಸುಣ್ಣದ್ದು 20 ದಿನಕ್ಕೆ. ಎರಡರಲ್ಲೂ ಬೂಷ್ಟು ಬರಲಿಲ್ಲ. ಬೆಳೆಯಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಒಂದೆರಡು ಚೀಲಕ್ಕೆ ಬಿಸಿನೀರೇ ಸುಲಭ. ನಾಲ್ಕೈದು ಚೀಲ ಆದರೆ ಅಷ್ಟು ನೀರು ಕಾಯಿಸುವುದು ಕಷ್ಟ, ಆಗ ಸುಣ್ಣ ವಾಸಿ.

ಸುಣ್ಣ ಆರ್ಡರ್ ಮಾಡುವಾಗ ಮಾತ್ರ ಎಚ್ಚರ. ಬೇಕಾದದ್ದು ಅರಳಿದ ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅದು ನೀರಿನ ಪಿಎಚ್ ಅನ್ನು 12ರ ಹತ್ತಿರ ಒಯ್ಯುತ್ತದೆ, ಅಲ್ಲಿ ಬೂಷ್ಟು ಬದುಕುವುದು ಕಷ್ಟ. ತೋಟಕ್ಕೆ ಹಾಕುವ ಸುಣ್ಣದ ಕಲ್ಲಿನ ಪುಡಿಯೂ ಸುಣ್ಣ ಅನ್ನೋ ಹೆಸರಿನಲ್ಲೇ ಸಿಗುತ್ತದೆ. ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಈ ಕೆಲಸಕ್ಕೆ ಬರುವುದಿಲ್ಲ. ಇನ್ನು ಗ್ಲೌಸ್ ಇಲ್ಲದೆ ಸುಣ್ಣದ ನೀರಿಗೆ ಕೈ ಹಾಕಬೇಡಿ, ಚರ್ಮ ಸುಡುತ್ತದೆ.

ಇದೆಲ್ಲಕ್ಕಿಂತ ಮುಖ್ಯ ಹುಲ್ಲಿನ ತೇವ. ಒಂದು ಹಿಡಿ ಹುಲ್ಲು ತೆಗೆದುಕೊಂಡು ಬಲವಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಬೇಕು. ಧಾರೆ ಸುರಿದರೆ ಇನ್ನೂ ಬಸಿಯಬೇಕು. ಮೊದಲ ಸಲ ಆತುರಪಟ್ಟು ಬಸಿಯದೆ ತುಂಬಿದ ಚೀಲ ತಳದಿಂದ ಕೊಳೆತು ಹೋಯಿತು. ಒಳ್ಳೆಯ ಬೀಜ ಸುಮ್ನೆ ಹಾಳಾಯಿತಲ್ಲ ಅಂತ ಬಹಳ ಬೇಜಾರಾಗಿತ್ತು. ಬೀಜದ ಅಳತೆ ಒದ್ದೆ ಹುಲ್ಲಿನ ತೂಕದ ಶೇಕಡಾ 5ರಿಂದ 10. ನಾನು 10 ಹಾಕುತ್ತೇನೆ. ಬಿಳಿ ಎಳೆ ಬೇಗ ಹಬ್ಬಿದಷ್ಟೂ ಬೂಷ್ಟಿಗೆ ಜಾಗ ಕಡಿಮೆ.

ಸಿರಿಂಜ್ ದಾರಿ ಬೇರೆಯೇ ಹವ್ಯಾಸ ಅನ್ನಬಹುದು. ಬಾಟಲಿಗೆ ಬೇಯಿಸಿದ ಧಾನ್ಯ ತುಂಬಿ, 15 ಪಿಎಸ್ಐ ಒತ್ತಡ ತಡೆಯುವ ಕುಕ್ಕರ್‌ನಲ್ಲಿ 90 ನಿಮಿಷ ಇಡಬೇಕು. ಆರಿದ ಮೇಲೆ, ಸೂಜಿಯನ್ನು ಉರಿಯಲ್ಲಿ ಕೆಂಪಗೆ ಕಾಯಿಸಿ, ಗಾಳಿಯಾಡದ ಪೆಟ್ಟಿಗೆಯೊಳಗೆ ಆರಿಸಿ, ಬಾಟಲಿಗೆ ಒಂದೆರಡು ಎಂಎಲ್ ಬಿಡಬೇಕು. ನನ್ನ ಆರು ಬಾಟಲಿಗಳಲ್ಲಿ ಮೂರು ಹಾಳಾದವು. ಕಾಳು ಜಾಸ್ತಿ ಬೆಂದು ಒದ್ದೆಯಾಗಿತ್ತು. ಬೀಜಕ್ಕೆ ಮೂರು ವಾರ, ಆಮೇಲೆ ಹುಲ್ಲಿಗೆ ಇನ್ನೂ ಮೂರು. ತಿಂಗಳಾನುಗಟ್ಟಲೆ ಬಿಡದೆ ಬೆಳೆಯುವವರಿಗೆ ಒಂದು ಸಿರಿಂಜ್‌ನಿಂದ ಬೇಕಾದಷ್ಟು ಬೀಜ ಆಗುತ್ತದೆ ನಿಜ. ವರ್ಷಕ್ಕೆ ನಾಲ್ಕು ಚೀಲ ಸಾಕು ಅನ್ನುವವರಿಗೆ ಈ ಶ್ರಮ ಬೇಡ. ಸ್ಪೋರ್ ಸಿರಿಂಜ್ ಅಂತಲೂ ಮಾರುತ್ತಾರೆ. ಅದರಲ್ಲಿ ಇರುವುದು ಇನ್ನೂ ಮೊಳೆಯಬೇಕಾದ ಬೀಜಾಣು, ಬೆಳೆದ ಎಳೆ ಅಲ್ಲ. ಎರಡೂ ಒಂದೇ ಅಂದುಕೊಂಡು ತರಿಸಬೇಡಿ.

ತಳಿಯನ್ನು ಕೋಣೆಯ ಬಿಸಿ ನೋಡಿ ಆರಿಸಿ. 25 ಡಿಗ್ರಿ ದಾಟುವ ಕೋಣೆಗೆ ಗುಲಾಬಿ ಚಿಪ್ಪು ಅಣಬೆ ಚೆನ್ನಾಗಿ ಹೊಂದುತ್ತದೆ, ಆದರೆ ಅದರ ಬೀಜವನ್ನು ಫ್ರಿಜ್‌ನಲ್ಲಿ ಇಟ್ಟರೆ ಸಾಯುತ್ತದೆ. ಬೂದು ಬಣ್ಣದ್ದು ತಂಪಿಗೆ ಸರಿ, ಅದರ ಬೀಜ ಫ್ರಿಜ್‌ನಲ್ಲಿ ಕೆಲವು ವಾರ ತಡೆಯುತ್ತದೆ. ಬಟನ್ ಅಣಬೆಗೆ ಹದವಾದ ಕಾಂಪೋಸ್ಟ್, ಅದರ ಮೇಲೊಂದು ಮಣ್ಣಿನ ಪದರ ಬೇಕು. ಮೊದಲ ಸಲಕ್ಕೆ ಅದು ಬೇಡ. ಹ್ಯುಮಿಡಿಫೈಯರ್, ಟೆಂಟ್ ಕೂಡ ಬೇಡ. ಒಂದು ಸ್ಪ್ರೇ ಬಾಟಲಿ, ಒಂದು ಥರ್ಮಾಮೀಟರ್ ಸಾಕು.

ಕೊಯ್ಯುವುದು ಟೋಪಿಯ ಅಂಚು ಇನ್ನೂ ಒಳಗೆ ಬಾಗಿರುವಾಗಲೇ. ಅಂಚು ಮೇಲೆದ್ದರೆ ಬಿಳಿ ಪುಡಿ ಉದುರಲು ಶುರುವಾಗುತ್ತದೆ. ಅದು ಬೀಜಾಣು, ಉಸಿರಿನ ತೊಂದರೆ ಇರುವವರಿಗೆ ಒಳ್ಳೆಯದಲ್ಲ.

ಈಗ ಹುಲ್ಲು ಕತ್ತರಿಸಿ ಇಟ್ಟುಕೊಂಡ ಮೇಲೆಯೇ ಬೀಜ ಆರ್ಡರ್ ಮಾಡುತ್ತೇನೆ, ಅದೂ ವಾರದ ಮೊದಲ ದಿನ. ಪಾರ್ಸಲ್ ರಜೆಯ ದಿನಗಳಲ್ಲಿ ಗೋದಾಮಿನ ಬಿಸಿಯಲ್ಲಿ ಬಿದ್ದಿರಬಾರದು, ಅಲ್ವಾ? ಬಂದ ಸಂಜೆಯೇ ಹುಲ್ಲು ಸುಣ್ಣದ ನೀರಿಗೆ ಬೀಳುತ್ತದೆ. ಮರುದಿನ ಬಸಿದು, ಹಿಂಡಿ ನೋಡಿ, ಚೀಲ ತುಂಬುತ್ತೇನೆ.