ವಿಂಡಿ ಆ್ಯಪ್: ಶಾಮಿಯಾನ ಹಾಕುವವನ ಅನುಭವ

ಉಡುಪಿಯಲ್ಲಿ ಶಾಮಿಯಾನ ಬಾಡಿಗೆಗೆ ಕೊಡುವ ಕೆಲಸ ನನ್ನದು. ಏಪ್ರಿಲ್, ಮೇ ಬಂತೆಂದರೆ ಮದುವೆ, ಗೃಹಪ್ರವೇಶ, ಕೋಲ ಎಲ್ಲ ಒಟ್ಟೊಟ್ಟಿಗೆ. "ಅಣ್ಣ, ಮಳೆ ಬರ್ಲಿಕ್ಕುಂಟಾ?" ಎಂದು ಕೇಳದ ಮನೆಯವರಿಲ್ಲ. ಬಟ್ಟೆ ಸಾಕಾ, ತಗಡಿನ ಚಪ್ಪರವೇ ಬೇಕಾ ಎಂದು ಮೊದಲೇ ಹೇಳಬೇಕಲ್ವಾ? ಅದಕ್ಕೆ ನಾನು ನೋಡುವುದು ವಿಂಡಿ.

ಬೇರೆ ಎಷ್ಟೋ ಆ್ಯಪ್‌ಗಳಲ್ಲಿ ಒಂದು ಮೋಡದ ಚಿತ್ರ, ಪಕ್ಕದಲ್ಲಿ ಒಂದು ಶೇಕಡಾ ಲೆಕ್ಕ, ಅಷ್ಟೇ. ಅದು ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ವಿಂಡಿಯಲ್ಲಿ ಯಾವ ಮಾಡೆಲ್‌ನ, ಅಂದರೆ ಹವಾಮಾನ ಲೆಕ್ಕ ಹಾಕುವ ಯಾವ ಕಂಪ್ಯೂಟರ್ ಪ್ರೋಗ್ರಾಮಿನ ಲೆಕ್ಕ ಎಂದು ಹೆಸರು ಸಮೇತ ಉಂಟು: ಯುರೋಪಿನ ಇಸಿಎಂಡಬ್ಲ್ಯುಎಫ್, ಅಮೆರಿಕದ ಜಿಎಫ್‌ಎಸ್, ಜರ್ಮನಿಯ ಐಕಾನ್. ಊರಿನ ಮೇಲೆ ಒತ್ತಿ ಕಂಪೇರ್ ತೆರೆದರೆ ಒಂದರ ಕೆಳಗೊಂದು ಬರುತ್ತವೆ. ಮೂರೂ ಅದೇ ದಿನ ಮಳೆ ಎಂದರೆ ತಗಡು ಲೋಡ್ ಮಾಡಿಸುತ್ತೇನೆ. ಒಂದು ಮಾತ್ರ 30 ಮಿಲಿಮೀಟರ್ ಎಂದು, ಉಳಿದವು ಒಣ ಎಂದರೆ ಕಾಯುತ್ತೇನೆ. ಜಿಎಫ್‌ಎಸ್ ದಿನಕ್ಕೆ 4 ಸಲ ಹೊಸದಾಗಿ ಲೆಕ್ಕ ಹಾಕುತ್ತದೆ. ಪ್ರತಿ ಸಲವೂ ಮಳೆಯ ದಿನ ಅತ್ತಿತ್ತ ಸರಿಯುತ್ತಿದ್ದರೆ ಅದನ್ನು ನಂಬುವ ಹಾಗಿಲ್ಲ.

ಮಿಲಿಮೀಟರ್ ಅಂಕಿಯನ್ನೂ ಹಾಗೇ ನುಂಗಬೇಡಿ. ಮಾಡೆಲ್ ನೆಲವನ್ನು ಚೌಕ ಚೌಕವಾಗಿ ಭಾಗ ಮಾಡಿ ಲೆಕ್ಕ ಹಾಕುತ್ತದೆ. ಇಸಿಎಂಡಬ್ಲ್ಯುಎಫ್‌ನ ಒಂದು ಚೌಕದ ಅಗಲ ಸುಮಾರು 9 ಕಿಲೋಮೀಟರ್. ಉಡುಪಿ ಪೇಟೆ, ಮಣಿಪಾಲ ಎರಡೂ ಅದರೊಳಗೆ ಹಿಡಿಯುತ್ತವೆ. ಇಡೀ ಚೌಕಕ್ಕೆ ಒಂದೇ ಸರಾಸರಿ. ಮೇ ತಿಂಗಳ ಸಂಜೆ ಮಳೆಯೋ, ಮಣಿಪಾಲದಲ್ಲಿ ಧಾರಾಕಾರ ಸುರಿದರೂ ಪೇಟೆಯ ರಥಬೀದಿಯಲ್ಲಿ ನೆಲ ಒದ್ದೆಯಾಗಿರುವುದಿಲ್ಲ! ಆಗುಂಬೆಯ ಕಡಿದಾದ ಘಟ್ಟವೂ ಮಾಡೆಲ್‌ನಲ್ಲಿ ನಯವಾದ ಏರಾಗಿಬಿಡುತ್ತದೆ. ಘಟ್ಟಕ್ಕೆ ತಾಗಿ ಸುರಿಯುವ ಮಳೆ ಲೆಕ್ಕದಲ್ಲಿ ಕಮ್ಮಿ ಬರಬಹುದು. ಹಾಗಾಗಿ ಆ ಘಟ್ಟದ ಬುಡದ ಹೆಬ್ರಿ ಕಡೆ ಕೆಲಸವಿದ್ದರೆ ಅಂಕಿಗಿಂತ ಜಾಸ್ತಿ ಮಳೆಗೇ ತಯಾರಾಗಿ ಹೋಗುತ್ತೇನೆ.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಎತ್ತರದ ಗಾಳಿ. ನಮ್ಮ ಬೇಸಿಗೆಯ ಗುಡುಗು ಮೋಡಗಳು ಹೆಚ್ಚಾಗಿ ಮಧ್ಯಾಹ್ನ ಘಟ್ಟದ ಮೇಲೆ ಏಳುತ್ತವೆ. ನಕ್ಷೆಯ ಬದಿಯಲ್ಲಿರುವ ಎತ್ತರದ ಪಟ್ಟಿಯನ್ನು 3,000 ಮೀಟರ್‌ಗೆ ಎಳೆದು ನೋಡಿ. ಅಲ್ಲಿ ಗಾಳಿ ಮೂಡು ದಿಕ್ಕಿನಿಂದ ಕಡಲಿನತ್ತ ಬೀಸುತ್ತಿದ್ದರೆ ಆ ಮೋಡ ನಮ್ಮ ಕಡೆ ತೇಲಿ ಬರಬಹುದು. ಆಮೇಲೆ ಉಪಗ್ರಹದ ಚಿತ್ರ ತೆರೆಯುತ್ತೇನೆ. ಕುದುರೆಮುಖದ ಮೇಲೆ ಬಿಳಿ ಗಡ್ಡೆಗಳು ಉಬ್ಬುತ್ತಿದ್ದರೆ ಹುಡುಗರಿಗೆ ಹಗ್ಗ ಬಿಗಿಯಲು, ಲೈಟಿನ ವಯರ್ ನೆಲದಿಂದ ಮೇಲೆತ್ತಲು ಫೋನ್ ಮಾಡುತ್ತೇನೆ. ಮಳೆಗಿಂತ ಮೊದಲು ನುಗ್ಗುವ ಗಾಳಿಯೇ ಶಾಮಿಯಾನಕ್ಕೆ ಶತ್ರು.

ನಕ್ಷೆಯ ಮೇಲೆ ತೆರೆದು ನೋಡಬಹುದಾದ ಕೇಪ್ ಎಂಬ ಇನ್ನೊಂದು ಪದರ ಉಂಟು. ಗುಡುಗು ಮೋಡ ಬೆಳೆಯಲು ಗಾಳಿಯಲ್ಲಿ ಎಷ್ಟು ಶಕ್ತಿ ತುಂಬಿದೆ ಎಂದು ಅದು ತೋರಿಸುತ್ತದೆ. ಆದರೆ ಕರಾವಳಿಯಲ್ಲಿ ಮೇ ತಿಂಗಳಲ್ಲಿ ಅದು ಸಾಮಾನ್ಯವಾಗಿ ಏರಿಯೇ ಇರುತ್ತದೆ. ಅದೊಂದನ್ನೇ ನೋಡಿ ಹೆದರಬೇಕಾಗಿಲ್ಲ.

ಹಣ ಕೊಟ್ಟರೆ 3 ಗಂಟೆಯ ಬದಲು ಗಂಟೆಗೊಂದು ಅಂಕಿ ಸಿಗುತ್ತದೆ. ಸಂಜೆಯ ಗುಡುಗು ಮಳೆ ಆ ಗಂಟೆಗೇ ಬರುತ್ತದೆ ಎನ್ನಲಾಗದು. ನಮ್ಮಂಥವರಿಗೆ ಉಚಿತದ್ದೇ ಸಾಕು. ಹವಾಮಾನ ಇಲಾಖೆ ಆರೆಂಜ್, ರೆಡ್ ಅಲರ್ಟ್ ಕೊಟ್ಟ ದಿನ ಮಾತ್ರ ವಿಂಡಿ ಏನೇ ತೋರಿಸಲಿ, ಬಟ್ಟೆ ಕಟ್ಟುವುದಿಲ್ಲ. ಸಭಾಭವನ ನೋಡಿಕೊಳ್ಳಿ ಎಂದು ಮನೆಯವರಿಗೆ ನೇರವಾಗಿ ಹೇಳುತ್ತೇನೆ.