ಜವುಳು ಹೊಲದಲ್ಲಿ ಜಾಲಿ ಕಡಿದ ತಂಡ: ಕೆಲಸ ಹೇಗಿತ್ತು?

ಶಹಾಪುರ ತಾಲ್ಲೂಕಿನಲ್ಲಿ ನಾರಾಯಣಪುರ ಎಡದಂಡೆ ಕಾಲುವೆಯ ಕೆಳಗೆ ಬರುವ ನಮ್ಮ ಹೊಲದಲ್ಲಿ ಮೂರು ಎಕರೆ ಜವುಳು ಹಿಡಿದು ಹಲವು ವರ್ಷಗಳಾದವು. ಲಘು ನೀರಾವರಿ ಬೆಳೆಗೆಂದು, ಅಂದರೆ ಕಡಿಮೆ ನೀರು ಬೇಡುವ ಬೆಳೆಗೆಂದು ಯೋಜಿಸಿದ್ದ ಪ್ರದೇಶದಲ್ಲಿ ಎಲ್ಲರೂ ಭತ್ತಕ್ಕೆ ಬಿದ್ದ ಮೇಲೆ (ಅದರಲ್ಲಿ ನಾವೂ ಇದ್ದೇವೆ) ಮೇಲಿನ ಗದ್ದೆಗಳ ಬಸಿನೀರು ತಗ್ಗಿನ ಎರೆಭೂಮಿಯಲ್ಲಿ ನಿಂತು, ಸವುಳು (ಮಣ್ಣಿನ ಉಪ್ಪು) ಮೇಲೆದ್ದು, ಕೊನೆಗೆ ಬಳ್ಳಾರಿ ಜಾಲಿಯ ಹೊರತು ಅಲ್ಲಿ ಏನೂ ಬೆಳೆಯದಂತಾಯಿತು. ಕಾಯಿ ತಿಂದ ಕುರಿಗಳ ಹಿಕ್ಕೆಯಿಂದಲೇ ಬೀಜ ಹರಡುವ ಆ ಗಿಡಕ್ಕೆ ಉಪ್ಪುನೆಲವೂ ಒಗ್ಗುತ್ತದೆ.

ಮೊದಲು ಜೆಸಿಬಿ ಕರೆಸಿದೆ. ಅದು ಹೊಲಕ್ಕಿಳಿದ ಅರ್ಧ ಗಂಟೆಯೊಳಗೆ ಗಾಲಿ ಮುಳುಗಿ ನಿಂತಿತು. ಅದನ್ನು ಎಳೆಸಿದ ಖರ್ಚೂ ನನ್ನ ತಲೆಗೇ ಬಂತು. ಆಮೇಲೆಯೇ ಸುರಪುರದ ಕಡೆಯ ಎಂಟು ಜನರ ಈ ತಂಡವನ್ನು ಕರೆದದ್ದು. ಎಕರೆಗೆ 9,000 ರೂಪಾಯಿ, ಜೊತೆಗೆ ಕಟ್ಟಿಗೆಯಲ್ಲಿ ಅರ್ಧ ಪಾಲು ಎಂದು ಮಾತಾಯಿತು. ಒಣ ಹೊಲವಾಗಿದ್ದರೆ ಇದ್ದಿಲಿಗೆಂದು ಅವರೇ ಎದುರು ಹಣ ಕೊಟ್ಟು ಕಡಿದುಕೊಂಡು ಹೋಗುತ್ತಿದ್ದರು ಎಂಬುದು ತಿಳಿದಿದ್ದರಿಂದ ದರ ನನಗೆ ದುಬಾರಿಯೆನಿಸಿತ್ತು. "ಇಲ್ಲಿ ಕಡಿಯೂದು ಅರ್ಧ ಕೆಲಸರೀ ಯಪ್ಪಾ, ದಂಡಿಗೆ ತರೂದೇ ಪೂರಾ ಕೆಲಸ" ಎಂದು ಮೇಸ್ತ್ರಿ ಹೇಳಿದ ಮಾತಿನ ಅರ್ಥ ಎರಡನೆಯ ದಿನ ನನಗೆ ತಿಳಿಯಿತು.

ಅವರು ಮೊದಲು ಮರಕ್ಕೆ ಕೈ ಹಚ್ಚಲಿಲ್ಲ. ಅಂಚಿನ ಟೊಂಗೆಗಳನ್ನು ಸವರಿ, ಅವನ್ನು ಕೆಸರಿನ ಮೇಲೆ ಅಡ್ಡಡ್ಡ ಹಾಸುತ್ತ, ಒಡ್ಡಿನಿಂದ ನಡುಹೊಲದವರೆಗೆ ಒಂದು ಕಾಲುದಾರಿಯನ್ನೇ ಕಟ್ಟಿಕೊಂಡರು. ಬುಡಕ್ಕೆ ಯಂತ್ರದ ಗರಗಸ ಇಡುವ ಮುನ್ನ ಒಬ್ಬ ಹುಡುಗ ಕೊಡದಿಂದ ನೀರು ಸುರಿದು, ತೊಗಟೆಗೆ ಮೆತ್ತಿದ ರಾಡಿಯನ್ನು ಅಂಗೈಯಿಂದ ತಿಕ್ಕಿ ತೊಳೆಯುತ್ತಿದ್ದ. ಮಣ್ಣು ತಗುಲಿದರೆ ಸರಪಳಿಯ ಹಲ್ಲು ಮೊಂಡಾಗುತ್ತದೆ. ಆದರೂ ನಾಲ್ಕೈದು ಮರಕ್ಕೊಮ್ಮೆ ಒಡ್ಡಿನ ಮೇಲೆ ಕುಳಿತು ಅರದಿಂದ ಹಲ್ಲು ಮಸೆಯಲೇಬೇಕಾಗುತ್ತಿತ್ತು. ಹಗ್ಗ ಕಟ್ಟಿ ಪ್ರತಿ ಮರವನ್ನೂ ಒಡ್ಡಿನ ಕಡೆಗೇ ಬೀಳಿಸಿದರು. ಎರೆಮಣ್ಣು ಒಮ್ಮೆ ಹಿಡಿದ ಹಸಿ ದಿಮ್ಮಿಯನ್ನು ಎತ್ತಲು ನಾಲ್ಕು ಹೆಗಲು ಬೇಕಾಗುತ್ತಿತ್ತು. ಕೆಸರಿನಲ್ಲಿ ಚಪ್ಪಲಿ ಕಳಚದಂತೆ ಎಲ್ಲರೂ ಹರಕಿನಿಂದ ಕಾಲಿಗೆ ಬಿಗಿದುಕೊಂಡಿದ್ದರು, ಏಕೆಂದರೆ ಅಲ್ಲಿ ಮುಳ್ಳು ಕಣ್ಣಿಗೆ ಕಾಣುವುದಿಲ್ಲ, ಕಾಲಿಗೇ ತಿಳಿಯುತ್ತದೆ. ಹೀಗಿದ್ದೂ ಮೂರನೆಯ ದಿನ ಒಬ್ಬನಿಗೆ ಹಿಮ್ಮಡಿಯಲ್ಲಿ ಮುಳ್ಳು ಮುರಿದು ಉಳಿದು, ಸೂಜಿ ಹಾಕಿಸಿ ಕೂರಿಸಬೇಕಾಯಿತು. ದಪ್ಪ ಅಟ್ಟೆಯ ಬೂಟನ್ನು ಮೇಸ್ತ್ರಿಯಾಗಲಿ ಕೆಲಸ ಕೊಟ್ಟ ನಾನಾಗಲಿ ಒದಗಿಸದಿದ್ದುದು ತಪ್ಪೇ.

ಮೇಸ್ತ್ರಿಯ ಪ್ರಾಮಾಣಿಕತೆಯನ್ನು ಹೇಳಲೇಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಬಳ್ಳಾರಿ ಜಾಲಿ ಕಡಿಯಲು ಅನುಮತಿ ಬೇಕಿಲ್ಲ. ಆದರೆ ನಡುವೆ ಇದ್ದ ಎರಡು ಕರಿಜಾಲಿಗಳನ್ನು ಅರಣ್ಯ ಇಲಾಖೆಯವರನ್ನು ಕೇಳದೆ ಮುಟ್ಟುವುದಿಲ್ಲವೆಂದು ಅವನು ಸ್ಪಷ್ಟವಾಗಿ ಹೇಳಿದ. ಅವು ಇನ್ನೂ ನಿಂತಿವೆ. ಕಟ್ಟಿಗೆಯ ಪಾಲನ್ನೂ ನನ್ನ ಕಣ್ಣೆದುರೇ, ಟ್ರಾಲಿಗೆ ಟ್ರಾಲಿ ಎಣಿಸಿ ಹಂಚಿದ.

ಕೆಲಸ ಆರು ದಿನದಲ್ಲಿ ಮುಗಿಯಿತು, ಹೇಳಿದ್ದಕ್ಕಿಂತ ಎರಡು ದಿನ ಹೆಚ್ಚು. ಅದು ನನಗೆ ದೂರಲ್ಲ. ದೂರು ಇರುವುದು ಬೊಡ್ಡೆಗಳ ಬಗ್ಗೆ. ನೆಲಮಟ್ಟಕ್ಕೆ ಕೊಯ್ಯುತ್ತೇವೆಂದವರು ನೀರು ನಿಂತ ಕಡೆ ಗೇಣುದ್ದ ಬಿಟ್ಟುಹೋದರು, ತಿಂಗಳು ತುಂಬುವುದರೊಳಗೆ ಅವುಗಳಿಂದ ಹಸಿರು ಚಿಗುರು ಒಡೆಯಿತು. ಬೇರಿನ ತಲೆಯನ್ನೇ ಅಗೆದು ತೆಗೆಯದ ಹೊರತು ಈ ಜಾಲಿ ಸಾಯುವುದಿಲ್ಲವೆಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನೀರಿನಲ್ಲಿ ಅಗೆಯುವುದು ಆಗದ ಕೆಲಸವೆಂಬುದನ್ನು ಹಣ ಎಣಿಸುವಾಗ ಹೇಳುವ ಬದಲು ಮಾತು ಮುಗಿಸುವ ಮೊದಲೇ ಹೇಳಬಹುದಿತ್ತು.

ಜವುಳು ನೆಲದಿಂದ ಮರ ಹೊರತರುವ ವಿಷಯದಲ್ಲಿ ಇವರಷ್ಟು ಪಳಗಿದವರನ್ನು ನಮ್ಮ ಸುತ್ತಿನಲ್ಲಿ ನಾನು ಕಂಡಿಲ್ಲ. ಕಾಲುವೆ ಬಂದ್ ಆಗಿ ನೆಲ ಬಿರಿಯತೊಡಗಿದ ಮೇಲೆ ಬೊಡ್ಡೆ ಕೀಳಲು ಅದೇ ಮೇಸ್ತ್ರಿಗೇ ಹೇಳಿದ್ದೇನೆ. ಈ ಸಲ ಎಷ್ಟು ಆಳ ಅಗೆಯಬೇಕೆಂಬುದನ್ನು ಹಾರೆಯ ಮೇಲೆ ಸುಣ್ಣದ ಗೆರೆ ಎಳೆದು ತೋರಿಸಿಯೇ ದರ ಮಾತಾಡಿದ್ದೇನೆ.