ಎರಿ ಮಣ್ಣು, ಮಸಾರಿ ಮಣ್ಣು: ಕಾಣದ ಜೀವಿಗಳನ್ನು ನೋಡಲು ಯಾವ ವಿಧಾನ ವಾಸಿ?

ಬಾಗಲಕೋಟೆ ಸುತ್ತ ಎರಿ ಮಣ್ಣೂ (ಕಪ್ಪು ಮಣ್ಣು) ಇದೆ, ಮಸಾರಿಯೂ (ಕೆಂಪು ಮಣ್ಣು) ಇದೆ. ಎರಡರಲ್ಲೂ ನಾಲ್ಕು ವಿಧಾನ ಮಾಡಿ ನೋಡಿದ್ದೇನೆ. ನನಗೆ ಹಿಡಿಸಿದ್ದು ನೀರು ತುಂಬಿದ ಆಲಿಕೆ.

ಎಲ್ಲರೂ ಮೊದಲು ಹೇಳುವುದು ಅಗರ್ ತಟ್ಟೆ, ಅಂದರೆ ಸೂಕ್ಷ್ಮಜೀವಿ ಬೆಳೆಸುವ ಜೆಲ್ಲಿಯ ತಟ್ಟೆ. 1 ಗ್ರಾಂ ಮಣ್ಣನ್ನು ಕುದಿಸಿ ಆರಿಸಿದ ನೀರಿನಲ್ಲಿ ಕದಡಿ, ಹತ್ತು ಪಟ್ಟು, ಮತ್ತೆ ಹತ್ತು ಪಟ್ಟು ತೆಳು ಮಾಡಿ ತಟ್ಟೆಗೆ ಸವರಬೇಕು. ಬಣ್ಣಬಣ್ಣದ ಚುಕ್ಕೆ ಏಳುತ್ತವೆ, ನೋಡೋಕೆ ಚೆಂದ. ಆದರೆ ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಹೀಗೆ ಬೆಳೆಯುವುದು ಸುಮಾರು ಶೇ. 1ರಷ್ಟು. ಮೇಲಾಗಿ, ಹೊಲದಲ್ಲಿ ಸುಮ್ನೆ ಮಲಗಿದ್ದ ಶಿಲೀಂಧ್ರದ ಬೀಜಕವೂ ಅಗರ್ ಸಿಕ್ಕ ಕೂಡಲೇ ಎದ್ದು ಹಬ್ಬುತ್ತದೆ. ನಿಜವಾಗಿ ದುಡಿಯುತ್ತಿದ್ದವರು ಯಾರು ಅಂತ ತಿಳಿಯುವುದಿಲ್ಲ.

ಬಿಳಿ ಹತ್ತಿ ಬಟ್ಟೆ ಹೂಳುವುದು ಇದಕ್ಕೆ ಉಲ್ಟಾ. ಕೆಲವು ವಾರ ಬಿಟ್ಟು ತೆಗೆದರೆ ಎಷ್ಟು ಕೊಳೆತಿದೆ ಅಂತ ಕಣ್ಣಿಗೇ ಕಾಣುತ್ತದೆ, ಕೊಳೆಸಿದವರು ಕಾಣುವುದಿಲ್ಲ. ಗೆದ್ದಲು ತಿಂದರೆ ಆ ಲೆಕ್ಕವೂ ಕೆಡುತ್ತದೆ. ಸಣ್ಣ ಕಣ್ಣಿನ ನೈಲಾನ್ ಜಾಲರಿಯಲ್ಲಿ ಸುತ್ತಿ ಹೂಳಿ.

ಟುಲ್‌ಗ್ರೆನ್ ಆಲಿಕೆಯಲ್ಲಿ ಮೇಲೆ ಬಲ್ಬು, ನಡುವೆ ಜಾಲರಿಯ ಮೇಲೆ ಮಣ್ಣು, ಕೆಳಗೆ ಸ್ಪಿರಿಟ್. ಬಿಸಿ ತಾಳದೆ ಸ್ಪ್ರಿಂಗ್‌ಟೇಲ್ ಎಂಬ ಪುಟ್ಟ ಜಿಗಿಯುವ ಜೀವಿಗಳು, ನುಸಿಗಳು ಕೆಳಗೆ ಬೀಳುತ್ತವೆ. ಎಲ್‌ಇಡಿ ನಡೆಯುವುದಿಲ್ಲ, ಹಳೇ ತಂತಿ ಬಲ್ಬೇ ಬೇಕು. ಅದನ್ನು ಹುಡುಕೋದೇ ಒಂದು ಕೆಲಸ! ಏಪ್ರಿಲ್‌ನಲ್ಲಿ ಬಿರುಕುಬಿಟ್ಟ ಎರಿ ಹೊಲದಿಂದ ಹೆಚ್ಚೇನೂ ಬೀಳಲಿಲ್ಲ. ಮಳೆಯಾದ ಮೇಲೆ ಬೇವಿನ ಮರದ ಕೆಳಗಿನ ಮಣ್ಣು ಹಾಕಿದರೆ ಬೇಕಾದಷ್ಟು.

ಇನ್ನು ಬೇರ್ಮನ್ ಆಲಿಕೆ. 1917ರಲ್ಲಿ ಕೊಕ್ಕೆಹುಳುವಿನ ಮರಿಗಳನ್ನು ಮಣ್ಣಿನಿಂದ ಹಿಡಿಯಲು ಬಂದ ವಿಧಾನ ಇದು. ಆಲಿಕೆಯ ಕೊಳವೆಗೆ ರಬ್ಬರ್ ನಳಿಗೆ ಸಿಕ್ಕಿಸಿ ಕ್ಲಿಪ್ ಹಾಕಿ. ಜಾಲರಿಯ ಮೇಲೆ ಟಿಶ್ಯೂ ಪೇಪರ್, ಅದರ ಮೇಲೆ ಮಣ್ಣು, ಅದು ತೋಯುವಷ್ಟು ನೀರು. ನೆಮಟೋಡ್‌ಗಳು, ಅಂದರೆ ಜಂತುಹುಳುಗಳು, ಹೊರಳಾಡುತ್ತಾ ಪೇಪರ್ ದಾಟುತ್ತವೆ. ಮೇಲಕ್ಕೆ ಈಜಲು ಬಾರದ್ದರಿಂದ ತಳಕ್ಕೆ ಇಳಿಯುತ್ತವೆ. 24ರಿಂದ 48 ಗಂಟೆಯಲ್ಲಿ ಕ್ಲಿಪ್ ಬಿಚ್ಚಿದರೆ ಆಯಿತು. ಎರಿ ಮಣ್ಣನ್ನು ಮಾತ್ರ ತೆಳುವಾಗಿ ಹರಡಿ, ಇಲ್ಲದಿದ್ದರೆ ಜೇಡಿ ಇಳಿದು ನೀರು ರಾಡಿ ಆಗುತ್ತದೆ.

ಇದು ಗೆಲ್ಲುವುದು ಹುಳುವಿನ ಬಾಯಿಂದ. ಸೂಕ್ಷ್ಮದರ್ಶಕದಲ್ಲಿ ಬಾಯಿ ನೋಡಿದರೆ ಊಟ ಏನು ಅಂತ ಬಹುಪಾಲು ಗೊತ್ತಾಗುತ್ತದೆ. ತೆರೆದ ಕೊಳವೆ ಇದ್ದರೆ ಬ್ಯಾಕ್ಟೀರಿಯಾ ನುಂಗುವುದು. ಇಂಥವು ತಮಗೆ ಜಾಸ್ತಿಯಾದ ಸಾರಜನಕವನ್ನು ಅಮೋನಿಯಂ ಆಗಿ ಬಿಡುತ್ತವೆ, ಅದು ಬೆಳೆಗೆ ಸಿಗುತ್ತದೆ. ಹಲ್ಲಿದ್ದರೆ ಬೇಟೆಗಾರ. ಸೂಜಿ ಇದ್ದರೆ ಬೇರು ಹೀರುವುದಿರಬಹುದು, ಶಿಲೀಂಧ್ರ ಹೀರುವುದೂ ಇರಬಹುದು. ಇದನ್ನು ಬಿಡಿಸಲು ಅಭ್ಯಾಸ ಬೇಕು. ಯಾರಿದ್ದಾರೆ, ಏನು ಮಾಡುತ್ತಾರೆ, ಎರಡಕ್ಕೂ ಒಂದೇ ಹನಿಯಲ್ಲಿ ಉತ್ತರ ಕೊಡುವುದು ನಾಲ್ಕರಲ್ಲಿ ಇದೊಂದೇ, ಅಲ್ವಾ?

ದಾಳಿಂಬೆ ತೋಟದವರಿಗೆ ಒಂದು ಮಾತು. ಬೇರುಗಂಟು ಜಂತುವಿನ ಮರಿಗಳು, ಗಂಡುಹುಳುಗಳು ಮಾತ್ರ ಆಲಿಕೆಗೆ ಇಳಿಯುತ್ತವೆ. ಗಂಟಿನೊಳಗೆ ಊದಿ ಕೂತ ಹೆಣ್ಣುಹುಳು ಇಳಿಯುವುದಿಲ್ಲ. ಆದ್ದರಿಂದ ನೀರಿನಲ್ಲಿ ಏನೂ ಕಾಣದಿದ್ದರೂ ಎಳೆ ಬೇರು ಕೆದಕಿ, ತೊಳೆದು ನೋಡಿ.